ಬಿದ್ದವರ ಲೆಕ್ಕ: ವೃದ್ಧಾಶ್ರಮದ ವ್ಯವಸ್ಥಾಪಕರೊಬ್ಬರ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಹತ್ತದಂತೆ ವಯಸ್ಸು, ಬಡಾವಣೆ, ಸಂಸ್ಥೆಯ ಸ್ವರೂಪ ಮತ್ತು ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ವ್ಯವಸ್ಥಾಪಕರು ಎಂದೇ ಕರೆಯುತ್ತೇನೆ.

ಐವತ್ತರ ಆಸುಪಾಸಿನ ಈ ವ್ಯವಸ್ಥಾಪಕರು ದಾವಣಗೆರೆಯ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಲೆಕ್ಕ ಬರೆದವರು. ಮೆಕ್ಕೆಜೋಳದ ಹಂಗಾಮಿನಲ್ಲಿ ನಡುರಾತ್ರಿಯವರೆಗೆ ಕುಳಿತರೂ ಒಂದು ಚೀಲದ ಲೆಕ್ಕ ತಪ್ಪಿಸಿದವರಲ್ಲ ಎಂಬ ಹೆಸರು ಅವರಿಗಿತ್ತು. ಆ ಹೆಸರನ್ನೇ ನೆಚ್ಚಿ, ಪರಿಚಯದ ಹಿರಿಯರು ನಡೆಸುತ್ತಿದ್ದ ಟ್ರಸ್ಟ್‌ನವರು ಆರು ವರ್ಷದ ಹಿಂದೆ ಅವರನ್ನು ತಮ್ಮ ವೃದ್ಧಾಶ್ರಮಕ್ಕೆ ಕರೆದುಕೊಂಡರು. ಮೂವತ್ತೆಂಟು ಜನ ಹಿರಿಯರು, ಅಡುಗೆಯವರೂ ಸೇರಿ ಏಳು ಜನ ಸಿಬ್ಬಂದಿ, ವಾರಕ್ಕೊಮ್ಮೆ ಬಂದುಹೋಗುವ ವೈದ್ಯರು. ಕೆಲಸಕ್ಕೆ ಸೇರಿದ ದಿನ ಅವರಿಗೆ ಕೊಟ್ಟದ್ದು ಬೀರುವಿನ ಕೀಲಿಕೈ, ಬ್ಯಾಂಕಿನ ಪಾಸ್‌ಬುಕ್ಕು ಮತ್ತು "ದೇವರ ಕೆಲಸ ಅಂತ ಮಾಡ್ರಿ" ಎಂಬ ಮಾತು. ಮರೆವಿನ ಕಾಯಿಲೆಯವರನ್ನು ಹೇಗೆ ನೋಡಿಕೊಳ್ಳಬೇಕು, ಹಾಸಿಗೆ ಹಿಡಿದವರನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದನ್ನು ಅಂದಿನಿಂದ ಇಂದಿನವರೆಗೆ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಸಮಾಲೋಚನೆಗೆಂದು ನನ್ನ ಬಳಿಗೆ ಅವರನ್ನು ಕರೆತಂದವರು ಅವರ ಪತ್ನಿ. ಮೂರು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಫೋನನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಾರೆ ಎಂದು ಅವರು ಹೇಳುತ್ತಿದ್ದಾಗ ವ್ಯವಸ್ಥಾಪಕರು ನೆಲ ನೋಡುತ್ತ ಕುಳಿತಿದ್ದರು. ಕೊನೆಗೆ ಬಾಯಿಬಿಟ್ಟರು: "ರಿಂಗ್ ಆಗದಿದ್ರೂ ಆದಂಗೆ ಕೇಳ್ತದೆ ಮೇಡಂ. ಎದ್ದು ನೋಡಿದ್ರೆ ಏನೂ ಇರಲ್ಲ. ಮತ್ತೆ ನಿದ್ದೆ ಬರಲ್ಲ."

ಹಿನ್ನೆಲೆ ಹೀಗಿದೆ. ಆಶ್ರಮದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ದಿನವೂ ಹೊತ್ತು ಇಳಿಯುತ್ತಿದ್ದಂತೆ ಅವರು ಗೇಟಿನ ಬಳಿ ಬಂದು ನಿಂತು, "ಹೊತ್ತು ಮುಳುಗಾಕ್ ಬಂತು, ಎಮ್ಮಿ ಕಟ್ಟಬೇಕು, ಗೇಟ್ ತಗೀರಿ" ಎನ್ನುತ್ತಿದ್ದರು. ಆಯಾಗಳು ಕೈಹಿಡಿದು ಒಳಗೆ ಕರೆತರುತ್ತಿದ್ದರು, ಅಜ್ಜಿ ಮತ್ತೆ ಹೋಗುತ್ತಿದ್ದರು. ಒಂದು ಸಂಜೆ ದಾನಿಗಳು ಬಂದಿದ್ದ ಹೊತ್ತಿನಲ್ಲಿ ಇದು ನಾಲ್ಕು ಸಲ ನಡೆದಾಗ ವ್ಯವಸ್ಥಾಪಕರು ಎಲ್ಲರೆದುರು ಗದರಿದರು: "ನಿಮ್ಮ ಎಮ್ಮೆ ಸತ್ತು ಹತ್ತು ವರ್ಷ ಆಯ್ತು." ಅಜ್ಜಿ ಆಗಷ್ಟೇ ಸಾವಿನ ಸುದ್ದಿ ಕೇಳಿದವರಂತೆ ಅತ್ತರಂತೆ. ಮರುದಿನ ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮರಳಿ ಬಂದವರು ಮತ್ತೆ ಗೇಟಿನವರೆಗೆ ನಡೆಯಲಿಲ್ಲ. ಅಜ್ಜಿಯ ಮಗ ಜಗಳವಾಡಿದ್ದರೆ ತಡೆದುಕೊಳ್ಳಬಹುದಿತ್ತು, ಆದರೆ ಆತ "ನಿಮ್ಮನ್ನ ನಂಬಿದ್ವಿ ಅಣ್ಣಾ" ಎಂದಷ್ಟೇ ಹೇಳಿ ಹೋದ ಎಂದರು ವ್ಯವಸ್ಥಾಪಕರು.

ಮೊದಲ ಭೇಟಿಯಲ್ಲಿ ನಾನು ಮಾಡಿದ ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಖಿನ್ನತೆಯ ಲಕ್ಷಣಗಳನ್ನು ಅಳೆಯಲು ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಪಟ್ಟಿಯಲ್ಲಿ ಅವರಿಗೆ 27ಕ್ಕೆ 13 ಅಂಕ ಬಂದಿತ್ತು, ಅಂದರೆ ಮಧ್ಯಮ ಪ್ರಮಾಣ. ಸಾವಿನ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದರು. ರಕ್ತದೊತ್ತಡ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆಗೆ ವೈದ್ಯರ ಬಳಿ ಕಳುಹಿಸಿದೆ. ಇಷ್ಟು ಸರಿಯಾಗಿತ್ತು. ಆದರೆ ಇದು ದಣಿವಿನ ಪ್ರಕರಣವೆಂದು ಬಗೆದು ಹತ್ತು ದಿನ ರಜೆ ಹಾಕಿರೆಂದು ಹೇಳಿಬಿಟ್ಟೆ. ರಜೆ ಮುಗಿಸಿ ಬಂದವರು ಇನ್ನಷ್ಟು ಸೊರಗಿದ್ದರು. ಅವರ ಬದಲು ನಿರ್ಧಾರ ತೆಗೆದುಕೊಳ್ಳುವವರು ಆಶ್ರಮದಲ್ಲಿ ಇನ್ನೊಬ್ಬರಿರಲಿಲ್ಲವಾದ್ದರಿಂದ ಹತ್ತು ದಿನವೂ ಫೋನು ಬರುತ್ತಲೇ ಇತ್ತು, ಮನೆಯಲ್ಲಿ ಕುಳಿತು ಉತ್ತರಿಸಬೇಕಾದ್ದರಿಂದ ಅಪರಾಧ ಭಾವ ಇಮ್ಮಡಿಯಾಗಿತ್ತು. ವಿಶ್ರಾಂತಿಯಿಂದ ದಣಿವು ಹೋಗಬಹುದು, ಕೆಲಸ ತಿಳಿಯದಿರುವುದು ಹೋಗುವುದಿಲ್ಲ ಎಂಬುದನ್ನು ನಾನು ಮೊದಲೇ ಗಮನಿಸಬೇಕಿತ್ತು.

ಎರಡನೆಯ ಭೇಟಿಯಲ್ಲಿ ಒಂದು ಹಾಳೆಯ ಮೇಲೆ ಮೂರು ಕಾಲಂಗಳನ್ನು ಹಾಕಿ ಕೊಟ್ಟೆ: ನಾನು ಮಾಡಿದ ತಪ್ಪು, ನನಗೆ ತಿಳಿಯದೆ ಇದ್ದದ್ದು, ನನ್ನ ಕೈಯಲ್ಲಿ ಇಲ್ಲದ್ದು. ಲೆಕ್ಕದ ಮನುಷ್ಯರಾದ್ದರಿಂದ ಪೆನ್ನು ಹಿಡಿದ ಮೇಲೆ ಮಾತು ಸಲೀಸಾಯಿತು. ಗದರಿದ್ದನ್ನು ಮೊದಲ ಕಾಲಂನಲ್ಲಿ ಬರೆದರು, ನಾನೂ ಅದನ್ನು ಅಳಿಸಲು ಹೇಳಲಿಲ್ಲ. ಅಜ್ಜಿ ಬಿದ್ದದ್ದನ್ನೂ ಅಲ್ಲಿಯೇ ಬರೆಯಲು ಹೊರಟಾಗ ತಡೆದು, ಬೀಳುವುದಕ್ಕೆ ಮುಂಚಿನ ಎರಡು ಮೂರು ದಿನ ಅಜ್ಜಿ ಹೇಗಿದ್ದರೆಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಅಜ್ಜಿ ನೀರು ಕುಡಿಯುವುದನ್ನು ಬಿಟ್ಟಿದ್ದರು, ಹಗಲೆಲ್ಲ ತೂಕಡಿಸುತ್ತಿದ್ದರು, ಗೋಡೆಯ ಮೇಲೆ ಮಕ್ಕಳು ಕಾಣುತ್ತಾರೆ ಎನ್ನುತ್ತಿದ್ದರು, ವಯಸ್ಸಾಯಿತೆಂದು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ ಎಂದರು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಮೂತ್ರದ ಸೋಂಕಿನ ಉಲ್ಲೇಖವೂ ಇತ್ತು.

ಇಲ್ಲಿ ಸ್ವಲ್ಪ ವಿವರ ಬೇಕು. ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಆವರಿಸುತ್ತದೆ. ಸಂಜೆಯಾದಂತೆ ಚಡಪಡಿಕೆ ಹೆಚ್ಚಾಗುವುದು, ಎಂದೋ ಬಿಟ್ಟ ಮನೆಗೆ ಹೊರಡುವುದು ಅದರ ಸಾಮಾನ್ಯ ನಡವಳಿಕೆ. ಇದಕ್ಕೆ ಭಿನ್ನವಾಗಿ, ಒಂದೆರಡು ದಿನದಲ್ಲಿ ಒಮ್ಮೆಲೇ ಗೊಂದಲ ಹೆಚ್ಚಿ, ಇಲ್ಲದ್ದು ಕಂಡು, ಹೊತ್ತಿಗೊಂದು ರೀತಿ ಇರುವ ಸ್ಥಿತಿಯನ್ನು ವೈದ್ಯರು ಡೆಲಿರಿಯಮ್ ಎನ್ನುತ್ತಾರೆ. ಸೋಂಕು, ನೀರಿನ ಕೊರತೆ, ಸೋಡಿಯಂ ಇಳಿಯುವುದು, ಮಲಬದ್ಧತೆ, ಹೊಸದಾಗಿ ಆರಂಭಿಸಿದ ಮಾತ್ರೆ ಇವೆಲ್ಲ ಅದಕ್ಕೆ ಕಾರಣವಾಗಬಲ್ಲವು. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಎಷ್ಟೋ ಸಲ ಅದು ತಿಳಿಯಾಗುತ್ತದೆ. ಮರೆವಿನವರಿಗೆ ಡೆಲಿರಿಯಮ್ ಬರುವ ಸಂಭವ ಹೆಚ್ಚು, ಬಂದಾಗ ಬೀಳುವ ಅಪಾಯವೂ ಹೆಚ್ಚು. ಆದ್ದರಿಂದ ಇವೆರಡರ ವ್ಯತ್ಯಾಸ ವೈದ್ಯರಿಗೆ ತಿಳಿದರೆ ಸಾಲದು, ವೈದ್ಯರು ಬರುವುದು ವಾರಕ್ಕೊಮ್ಮೆ. ಆಶ್ರಮ ನಡೆಸುವವರಿಗೂ ರಾತ್ರಿ ಪಾಳಿಯ ಆಯಾಗೂ ತಿಳಿದಿರಬೇಕು.

ಇದನ್ನು ಅವರಿಗೆ ಹೇಳಬೇಕೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡಿದ್ದು ನಿಜ. ಮೊದಲೇ ಗೊತ್ತಿದ್ದರೆ ಬೀಳುವುದು ತಪ್ಪುತ್ತಿತ್ತೇನೋ ಎಂಬ ಹೊಸ ನೋವನ್ನು ಅದು ಹುಟ್ಟಿಸುತ್ತದೆ. ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಎರಡನೆಯ ಕಾಲಂನಲ್ಲಿ "ಅಜ್ಜಿಯ ಸನ್ನಿ" ಎಂದು ಬರೆದರು. ನಮ್ಮ ಕಡೆ ಜ್ವರದಲ್ಲಿ ಕನವರಿಸುವವರನ್ನು ಕಂಡರೆ ಸನ್ನಿ ಎನ್ನುವುದು ರೂಢಿ. ನಾನು ಹತ್ತು ನಿಮಿಷ ವಿವರಿಸಿದ್ದನ್ನು ಅವರು ಒಂದು ಹಳೆಯ ಮಾತಿನಲ್ಲಿ ಹಿಡಿದಿದ್ದರು.

ಮೂರನೆಯ ಭೇಟಿಗೆ ಆಶ್ರಮದ ಪುಸ್ತಕಗಳನ್ನು ತರಲು ಹೇಳಿದ್ದೆ. ತಂದರು. ಬೆಂಕಿಪೊಟ್ಟಣಕ್ಕೂ ರಸೀದಿ, ದಾನವಾಗಿ ಬಂದ ಬಾಳೆಹಣ್ಣಿಗೂ ಡಜನ್ ಲೆಕ್ಕ, ಗ್ಯಾಸ್ ಸಿಲಿಂಡರ್ ಏರಿಸಿದ ದಿನ, ಇಳಿಸಿದ ದಿನ. ಅಷ್ಟು ಅಚ್ಚುಕಟ್ಟಾದ ದಾಖಲೆಗಳನ್ನು ನಾನು ದೊಡ್ಡ ಸಂಸ್ಥೆಗಳಲ್ಲಿಯೂ ಕಂಡಿಲ್ಲ. ಬಿದ್ದವರ ಲೆಕ್ಕ ಯಾವ ಪುಸ್ತಕದಲ್ಲಿದೆ ಎಂದು ಕೇಳಿದೆ. ಅಂಥದ್ದೊಂದು ಪುಸ್ತಕವೇ ಇರಲಿಲ್ಲ. ಅಂದೇ ಸಂಜೆ ಅವರು ಉದ್ದನೆಯ ಖಾತೆ ಪುಸ್ತಕವೊಂದನ್ನು ಕೊಂಡು, ಯಾರು, ಎಲ್ಲಿ, ಎಷ್ಟು ಗಂಟೆಗೆ, ಏನು ಮಾಡಲು ಹೊರಟಾಗ, ಕಾಲಲ್ಲಿ ಏನಿತ್ತು, ಹಿಂದಿನ ರಾತ್ರಿ ಯಾವ ಮಾತ್ರೆ ಎಂದು ಗೆರೆ ಎಳೆದರು. ಕಲಿಕೆ ಶುರುವಾದದ್ದು ಅಲ್ಲಿಂದ. ಎರಡು ತಿಂಗಳಲ್ಲಿ ಏಳು ಸಲ ಬಿದ್ದದ್ದು ದಾಖಲಾಯಿತು. ಅದರಲ್ಲಿ ಐದು ಬೆಳಗಿನ ನಾಲ್ಕರಿಂದ ಆರರೊಳಗೆ, ಬಚ್ಚಲಿನ ದಾರಿಯಲ್ಲಿ. ಇಬ್ಬರಿಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನು, ಹಂಚಲು ಅನುಕೂಲವೆಂದು, ರಾತ್ರಿಯ ಮಾತ್ರೆಗಳ ಜೊತೆಯಲ್ಲಿಯೇ ಕೊಡಲಾಗುತ್ತಿತ್ತು. ಪುಸ್ತಕ ನೋಡಿದ ವೈದ್ಯರು ಅದನ್ನು ಬೆಳಿಗ್ಗೆಗೆ ಬದಲಿಸಿದರು. ಓಣಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಬಂತು, ಬಚ್ಚಲಿನಲ್ಲಿ ಹಿಡಿಕೆ ಬಂತು, ನಾಲ್ಕು ಗಂಟೆಗೆ ಆಯಾ ತಾನೇ ಎಬ್ಬಿಸಿ ಕರೆದೊಯ್ಯುವ ಪದ್ಧತಿಯೂ ಬಂತು.

ನನ್ನ ಮುಖ್ಯ ಸಲಹೆಯನ್ನು ಈ ಹಂತದಲ್ಲಿ ಕೊಟ್ಟೆ. ರಾಜೀನಾಮೆ ಪತ್ರವನ್ನು ಅವರು ಆಗಲೇ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ಬಿಡುವುದಾದರೆ ಬಿಡಿ, ಆದರೆ ನಾನು ಅಯೋಗ್ಯ ಎಂಬ ಕಾರಣಕ್ಕೆ ಬಿಡಬೇಡಿ, ಏಕೆಂದರೆ ಈ ಕೆಲಸಕ್ಕೆ ಬೇಕಾದ ಕಲಿಕೆ ನಿಮಗೆ ಇನ್ನೂ ಸಿಕ್ಕೇ ಇಲ್ಲ, ಆರು ತಿಂಗಳು ಕಲಿತು ನೋಡಿ ಆಮೇಲೆ ನಿರ್ಧರಿಸಿ ಎಂದೆ. ವೃದ್ಧಾಶ್ರಮ ನಡೆಸುವುದು ಒಂದು ವೃತ್ತಿ ಎಂಬ ಮಾತು ಅವರಿಗೆ ಹೊಸದಾಗಿತ್ತು. ಅಮೆರಿಕದಲ್ಲಿ ನರ್ಸಿಂಗ್ ಹೋಂ ನಡೆಸುವ ಆಡಳಿತಾಧಿಕಾರಿ ಪರವಾನಗಿ ಪಡೆದಿರಲೇಬೇಕೆಂಬ ನಿಯಮ 1967ರ ಕಾನೂನು ತಿದ್ದುಪಡಿಯಿಂದ ಬಂದದ್ದು, ಅಲ್ಲಿನ ಮೇರಿಲ್ಯಾಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಹಿರಿಯರ ಸೇವಾ ಸಂಸ್ಥೆಗಳ ನಿರ್ವಹಣೆಗೆಂದೇ ಸ್ನಾತಕೋತ್ತರ ಪದವಿ ಇದೆ ಎಂದಾಗ ಅವರು ನಕ್ಕರು. ಅಲ್ಲಿಯವರೆಗಿನ ಭೇಟಿಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ನಮ್ಮಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆಯ 19ನೆಯ ಕಲಮು ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮದ ಮಾತಾಡುತ್ತದೆ. ಅದನ್ನು ನಡೆಸುವವರು ಏನು ಓದಿರಬೇಕೆಂದು ಆ ಕಲಮು ಹೇಳುವುದಿಲ್ಲ.

ಎಲ್ಲಿ ಕಲಿಯಬೇಕೆಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. ಯಾರೋ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ವೃದ್ಧಾಪ್ಯ ವೈದ್ಯಕೀಯ ಡಿಪ್ಲೊಮಾ ಸೇರಿರೆಂದು ಹೇಳಿದ್ದರಂತೆ. ಅದು ಎಂಬಿಬಿಎಸ್ ಆದವರಿಗೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅಧೀನದಲ್ಲಿರುವ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ಹಿರಿಯರ ಆರೈಕೆಯ ತರಬೇತಿಗಳನ್ನು ನಡೆಸುತ್ತದೆ. ಮರೆವಿನ ಕಾಯಿಲೆಯ ಆರೈಕೆಯಲ್ಲಿ ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ಗೆ ವರ್ಷಗಳ ಅನುಭವವಿದೆ, ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋವೈದ್ಯಕೀಯ ವಿಭಾಗವಿದೆ. ಇವರಿಗೆ ಪತ್ರ ಬರೆದು ವಿಚಾರಿಸಿರೆಂದೆ. ಹಾಸಿಗೆ ಪಕ್ಕದ ಆರೈಕೆದಾರರಿಗೆ ಮತ್ತು ವೈದ್ಯರಿಗೆ ಕಲಿಸುವ ಮಾರ್ಗಗಳು ನಮ್ಮಲ್ಲಿ ಅಷ್ಟೋ ಇಷ್ಟೋ ಇವೆ. ಇವರಿಬ್ಬರ ನಡುವೆ ನಿಂತು ಪಾಳಿ ಹಾಕುವ, ಮನೆಯವರಿಗೆ ಉತ್ತರ ಹೇಳುವ, ಟ್ರಸ್ಟ್‌ಗೆ ಲೆಕ್ಕ ಒಪ್ಪಿಸುವ ಮನುಷ್ಯನನ್ನು ಗಮನದಲ್ಲಿಟ್ಟುಕೊಂಡದ್ದು ನನಗೆ ಕಂಡದ್ದು ಕಡಿಮೆ. ಹಾಗಾಗಿ ಅವರ ಪಠ್ಯವನ್ನು ನಾವಿಬ್ಬರೇ ಕುಳಿತು ಹೊಂದಿಸಿದೆವು. ಮೊದಲ ಎರಡು ತಿಂಗಳು ಮರೆವು, ಸನ್ನಿ, ಬೀಳುವಿಕೆ ಮತ್ತು ಹಾಸಿಗೆ ಹುಣ್ಣು. ಆಮೇಲೆ ಸಿಬ್ಬಂದಿಯ ಪಾಳಿ. ಕಾನೂನನ್ನು ಬೇಗ ಮುಗಿಸಿದೆವು: ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ, 2007ರ ಆ ಕಾಯ್ದೆಯ 23ನೆಯ ಕಲಮಿನಡಿ ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು, ಆಶ್ರಮದ ಕಚೇರಿಯಲ್ಲಿ ಯಾವ ಮಗನೂ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಸಿಕೊಳ್ಳುವಂತಿಲ್ಲ, 14567 ಸಹಾಯವಾಣಿಯ ಸಂಖ್ಯೆ ಹಿರಿಯರಿಗೆ ಕಾಣುವಂತೆ ಗೋಡೆಯ ಮೇಲಿರಬೇಕು.

ಅಜ್ಜಿಯ ಎಮ್ಮೆಯ ವಿಷಯವನ್ನು ಒಂದು ಪೂರ್ತಿ ಭೇಟಿಯಲ್ಲಿ ಅಭ್ಯಾಸ ಮಾಡಿದೆವು. ನಾನು ಅಜ್ಜಿಯಾದೆ, ಅವರು ಅವರೇ. ಸುಳ್ಳು ಹೇಳಬೇಕೇ ಎಂಬುದು ಅವರ ಮೊದಲ ತಕರಾರು. ಎಮ್ಮೆ ಇದೆ ಎಂದೂ ಹೇಳಬೇಕಿಲ್ಲ, ಸತ್ತಿದೆ ಎಂದೂ ಹೇಳಬೇಕಿಲ್ಲ, ಅಜ್ಜಿಯ ಮನಸ್ಸು ಎಲ್ಲಿದೆಯೋ ಅಲ್ಲಿಗೆ ಹೋಗಿ ಅವರ ಜೊತೆ ನಿಲ್ಲಿ ಎಂದೆ. ನಾಲ್ಕೈದು ಸಲ ತಡವರಿಸಿ ಕೊನೆಗೆ, "ಎಷ್ಟು ಹಾಲು ಕೊಡ್ತಿತ್ತಜ್ಜಿ ನಿಮ್ಮೆಮ್ಮಿ?" ಎಂದು ಕೇಳಿದರು. ಮುಂದಿನ ವಾರ ಹಾಸಿಗೆಯಲ್ಲಿದ್ದ ಅಜ್ಜಿಯನ್ನೇ ಹಾಗೆ ಕೇಳಿದರಂತೆ. ಹೊತ್ತಿಗೆ ಮೂರು ಸೇರು ಎಂಬ ಉತ್ತರ ಬಂತಂತೆ, ಎಮ್ಮೆಯ ಹೆಸರೂ ಬಂತಂತೆ.

ಟ್ರಸ್ಟ್‌ನ ಹಿರಿಯರು ಒಪ್ಪಲು ತಡ ಮಾಡಿದರು. "ಸೇವೆ ಮಾಡೋಕೆ ಸರ್ಟಿಫಿಕೇಟ್ ಯಾಕೆ?" ಎಂಬುದು ಅವರ ಪ್ರಶ್ನೆ. ಅದಕ್ಕೆ ವಾದ ಹೂಡದೆ ಬಿದ್ದವರ ಪುಸ್ತಕವನ್ನೇ ಸಭೆಯಲ್ಲಿ ತೆರೆದಿಡಿ ಎಂದು ಸಲಹೆ ಕೊಟ್ಟೆ. ಬದಲಾವಣೆಗೆ ಮುಂಚಿನ ಎರಡು ತಿಂಗಳು ಒಂದು ಪುಟ, ನಂತರದ ಎರಡು ತಿಂಗಳು ಇನ್ನೊಂದು ಪುಟ. ಎರಡನೆಯ ಪುಟದಲ್ಲಿ ಎರಡೇ ಸಾಲುಗಳಿದ್ದವು. ಇಷ್ಟು ಚಿಕ್ಕ ಲೆಕ್ಕದಿಂದ ಏನೂ ಸಾಬೀತಾಯಿತು ಎನ್ನಲಾಗದು, ಅದನ್ನು ಅವರಿಗೂ ಹೇಳಿದ್ದೆ. ಆದರೂ ವ್ಯಾಪಾರಸ್ಥರೇ ಹೆಚ್ಚಾಗಿದ್ದ ಆ ಸಭೆಗೆ ಖಾತೆ ಪುಸ್ತಕ ಓದುವುದು ಗೊತ್ತಿತ್ತು. ಒಬ್ಬರ ತರಬೇತಿಯ ಖರ್ಚಿಗೆ ಒಪ್ಪಿಗೆ ಸಿಕ್ಕಿತು.

ಐದು ತಿಂಗಳ ಕೊನೆಗೆ ಪಿಎಚ್‌ಕ್ಯೂ ಅಂಕ 6ಕ್ಕೆ ಇಳಿದಿದೆ. ವಾರದಲ್ಲಿ ಮೂರು ರಾತ್ರಿ ಆಶ್ರಮದ ಫೋನು ಹಿರಿಯ ಆಯಾ ಬಳಿ ಇರುತ್ತದೆ, ಯಾವುದಕ್ಕೆ ತಮ್ಮನ್ನು ಎಬ್ಬಿಸಬೇಕು, ಯಾವುದಕ್ಕೆ ನೇರವಾಗಿ ವೈದ್ಯರಿಗೆ ಫೋನು ಮಾಡಬೇಕು ಎಂಬುದನ್ನು ಬರೆದು ಅಂಟಿಸಿದ್ದಾರೆ. ಅದರ ಮೊದಲ ಸಾಲು: "ಒಂದೆರಡು ದಿನದಲ್ಲಿ ಮನುಷ್ಯ ಬದಲಾದರೆ ಸನ್ನಿ ಇರಬಹುದು, ಬೆಳಗಾಗುವವರೆಗೆ ಕಾಯಬೇಡಿ." ಗದರಿದ್ದರ ನೋವು ಹೋಗಿಲ್ಲ. ಅಜ್ಜಿಯ ಮಗನೊಂದಿಗೆ ಆ ಸಂಜೆಯ ವಿಷಯವನ್ನು ಮಾತಾಡಬೇಕೆಂಬುದು ಅವರದೇ ಇಚ್ಛೆ, ಅದಕ್ಕೆ ಇನ್ನೂ ತಯಾರಿ ನಡೆದಿದೆ.

ಒಂದು ವಿಷಯದಲ್ಲಿ ನಮಗೆ ಒಮ್ಮತವಾಗಿಲ್ಲ. ಟ್ರಸ್ಟ್ ಒಪ್ಪಿದ ಆ ಒಬ್ಬರ ತರಬೇತಿಗೆ ಅವರು ತಾವು ಹೋಗದೆ ರಾತ್ರಿ ಪಾಳಿಯ ಆಯಾ ಹೆಸರನ್ನು ಬರೆದು ಕಳುಹಿಸಿದ್ದಾರೆ. ಬೀಳುವುದು ರಾತ್ರಿ, ಎದುರಿಗಿರುವುದು ಆಕೆ, ಮೊದಲು ಕಲಿಯಬೇಕಾದವಳೂ ಆಕೆ ಎಂಬುದು ಅವರ ಲೆಕ್ಕ. ಆಶ್ರಮ ನಡೆಸುವವರು ಕಲಿಯದಿದ್ದರೆ ಆಯಾ ಕಲಿತು ಬಂದದ್ದನ್ನು ಜಾರಿಗೆ ತರುವವರು ಯಾರು ಎಂಬುದು ನನ್ನ ಪ್ರಶ್ನೆ. ಮುಂದಿನ ಭೇಟಿಗೆ ಇಬ್ಬರೂ ಒಟ್ಟಿಗೆ ಬರುತ್ತೇವೆ ಎಂದಿದ್ದಾರೆ.