ನಾವು ಡೊಂಬಿವಲಿಯಲ್ಲಿ, ಜೀವ ಪುಣೆಯಲ್ಲಿ

ಪ್ರಶ್ನೆ: ಅಕ್ಕಾ, ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಹಾಸ್ಟೆಲ್ ಬಿಟ್ಟು ಈಗ ಕರ್ವೆನಗರದಲ್ಲಿ ಗೆಳೆಯರ ಜೊತೆ ಫ್ಲ್ಯಾಟ್ ಮಾಡಿದ್ದಾನೆ. ಫೋನ್ ಮಾಡಿದರೆ ‘ಹಾಂ, ಊಟ ಆಯ್ತು, ಆಮೇಲೆ ಮಾಡ್ತೀನಿ’, ಅಷ್ಟೇ ಮಾತು. ಮೊದಲ ವರ್ಷದ ಎರಡು ವಿಷಯದಲ್ಲಿ ಕೇಟಿ ಬಂದಿದೆ, ಅಂದರೆ ಫೇಲಾಗಿದ್ದಾನೆ ಅಂತ ಗೊತ್ತಾಗಿದ್ದು ನನ್ನ ತಂಗಿಯ ಮಗನಿಂದ! ನಮ್ಮ ಯಜಮಾನರಿಗೆ ಸಿಟ್ಟು ಬಂದು, ಮೊಬೈಲ್‌ನಲ್ಲಿ ಲೊಕೇಶನ್ ಸದಾ ಆನ್ ಇರಬೇಕು ಅಂತ ಹೇಳಿಬಿಟ್ಟಿದ್ದಾರೆ. ಈಗ ಅವನು ಮಾತಾಡುವುದು ಇನ್ನೂ ಕಡಿಮೆಯಾಗಿದೆ. ವಾಪಸ್ ಕರೆಸಿ ಇಲ್ಲೇ ಹತ್ತಿರದ ಕಾಲೇಜಿಗೆ ಹಾಕೋಣವಾ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ವಾಪಸ್ ಕರೆಸುವ ಮಾತನ್ನು ಸದ್ಯಕ್ಕೆ ಬಿಡಿ. ಅವನ ಎದುರಿಗಂತೂ ಎತ್ತಲೇಬೇಡಿ.

ಮುಚ್ಚಿಟ್ಟಿದ್ದು ಅವನ ತಪ್ಪು, ನಿಜ. ಆದರೆ ಅವನೇ ಬಂದು ಹೇಳಿದ್ದರೆ ಮನೆಯಲ್ಲಿ ಏನಾಗುತ್ತಿತ್ತು? ಈಗ ಆಗಿದ್ದೇ ಆಗುತ್ತಿತ್ತು, ಅಲ್ವಾ? ಸಿಟ್ಟು, ಲೊಕೇಶನ್, ಮನೆಗೆ ಬಾ ಅನ್ನುವ ಬೆದರಿಕೆ. ಹೇಳಿದರೂ ಬೈಗುಳ, ಹೇಳದಿದ್ದರೂ ಬೈಗುಳ ಅಂದಮೇಲೆ ಹುಡುಗ ಯಾಕೆ ಬಾಯಿ ಬಿಡುತ್ತಾನೆ ಹೇಳಿ. ಅದಕ್ಕೇ ನಿಮ್ಮ ಮನೆಯಲ್ಲಿ ಒಂದೇ ಒಂದು ಹೊಸ ನಿಯಮ ಸಾಕು: ಕೆಟ್ಟ ಸುದ್ದಿ ಹೇಳಿದ ದಿನ ಬೈಯುವುದಿಲ್ಲ. ಮರುದಿನ ಕೂತು ಮಾತಾಡಿ, ಬೇಕಾದರೆ ಖಡಕ್ಕಾಗಿಯೇ ಮಾತಾಡಿ, ಆದರೆ ಹೇಳಿದ ದಿನ ‘ಹೇಳಿದ್ದು ಒಳ್ಳೇದಾಯ್ತು, ಈಗೇನು ಮಾಡೋಣ’ ಅಂತ ಮಾತ್ರ ಅನ್ನಿ. ಇದು ನಿಮಗಿಂತ ಯಜಮಾನರಿಗೆ ಕಷ್ಟ. ಈ ಪುಟ ಅವರ ಕೈಗೇ ಕೊಡಿ.

ಇನ್ನು ಕೇಟಿ ವಿಷಯ. ನಮ್ಮ ಕರ್ನಾಟಕದ ನೆಂಟರಿಗೆ ಕೇಟಿ, ಎಟಿಕೆಟಿ ಅಂದರೆ ಏನೋ ಭಯಂಕರ ಅನಿಸುತ್ತದೆ. ಕೇಟಿ ಅಂದರೆ ಫೇಲಾಗಿ ಬಾಕಿ ಉಳಿದ ವಿಷಯ, ಅದನ್ನು ಬಾಕಿ ಇಟ್ಟುಕೊಂಡೇ ಮುಂದಿನ ವರ್ಷಕ್ಕೆ ಹೋಗುವ ಅವಕಾಶ ಎಟಿಕೆಟಿ. ಮುಂಬೈ, ಪುಣೆ ಕಾಲೇಜುಗಳಲ್ಲಿ ತೀರಾ ಮಾಮೂಲಿ. ಹಾಗಂತ ಹಗುರವಾಗಿ ಬಿಡುವ ಹಾಗೂ ಇಲ್ಲ. ಇಂಜಿನಿಯರಿಂಗ್‌ನಲ್ಲಿ ಸಾಮಾನ್ಯವಾಗಿ ಮೊದಲ ವರ್ಷದ ಬಾಕಿ ತೀರದಿದ್ದರೆ ಮೂರನೇ ವರ್ಷದ ಹೊತ್ತಿಗೆ ದಾರಿ ಕಟ್ಟುತ್ತದೆ, ಆಗ ಒಂದು ವರ್ಷ ಮನೆಯಲ್ಲಿ ಕೂರಬೇಕು. ಆದ್ದರಿಂದ ‘ಯಾಕೆ ಬಂತು’ ಅಂತ ಕೇಳುವ ಬದಲು ‘ಮತ್ತೆ ಯಾವಾಗ ಬರೀತೀಯ, ಎಕ್ಸಾಮ್ ಫಾರ್ಮ್ ತುಂಬುವ ಕೊನೇ ದಿನ ಯಾವುದು, ಫೀ ಎಷ್ಟು, ಆ ವಿಷಯಕ್ಕೆ ಕ್ಲಾಸ್ ಬೇಕಾ’ ಅಂತ ಕೇಳಿ. ಎಷ್ಟೋ ಹುಡುಗರು ಮನೆಯಲ್ಲಿ ಫೀ ಕೇಳಲು ಹೆದರಿ ಫಾರ್ಮ್ ತುಂಬುವ ದಿನವನ್ನೇ ತಪ್ಪಿಸಿಕೊಳ್ಳುತ್ತಾರೆ. ಅಟೆಂಡೆನ್ಸ್ ಬಗ್ಗೆಯೂ ಕೇಳಿ. ಶೇಕಡಾ 75 ಇಲ್ಲದಿದ್ದರೆ ಡಿಫಾಲ್ಟರ್ ಲಿಸ್ಟಿನಲ್ಲಿ ಹೆಸರು ಬರುತ್ತದೆ, ಆಮೇಲೆ ಸಬ್ಮಿಷನ್‌ಗೆ, ಅಂದರೆ ಸೆಮಿಸ್ಟರ್ ಕೊನೆಗೆ ಒಪ್ಪಿಸುವ ಜರ್ನಲ್‌ಗಳಿಗೆ, ಸಹಿ ಸಿಗದೆ ಒದ್ದಾಟ. ಪುಣೆಯ ಬಹಳಷ್ಟು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಜಿಎಫ್‌ಎಂ ಅಂತ ಒಬ್ಬರು ಅಧ್ಯಾಪಕರಿಗೆ ಒಂದಿಷ್ಟು ಮಕ್ಕಳ ಹೊಣೆ ಕೊಟ್ಟಿರುತ್ತಾರೆ. ಅವರ ಜೊತೆ ಮಾತಾಡಬಹುದು, ಆದರೆ ಮಗನಿಗೆ ಮೊದಲೇ ತಿಳಿಸಿ.

ಲೊಕೇಶನ್ ತೆಗೆಸಿಬಿಡಿ. ಚುಕ್ಕೆ ಕಾಲೇಜಿನ ಮೇಲೆ ನಿಂತಿದೆ ಅಂದರೆ ಹುಡುಗ ಕ್ಯಾಂಟೀನಿನಲ್ಲೂ ಇರಬಹುದು! ಅದರ ಬದಲು ರೂಮ್‌ಮೇಟ್ ನಂಬರ್, ಆ ಹುಡುಗನ ಮನೆಯವರ ನಂಬರ್, ಫ್ಲ್ಯಾಟ್ ಮಾಲೀಕರದು ಮತ್ತು ಜಿಎಫ್‌ಎಂ ಅವರದು, ಇಷ್ಟು ಕೇಳಿ ಬರೆದಿಟ್ಟುಕೊಳ್ಳಿ. ತುರ್ತಿಗೆ ಮಾತ್ರ. ‘ನಮ್ಮವನು ಎಷ್ಟು ಗಂಟೆಗೆ ಮಲಗ್ತಾನಪ್ಪಾ’ ಅಂತ ರೂಮ್‌ಮೇಟನ್ನು ಕೇಳಿದ ದಿನ ಆ ನಂಬರಿನ ಬೆಲೆ ಹೋಯಿತು.

ಫೋನ್ ದಿನಕ್ಕೆ ನಾಲ್ಕು ಸಲ ಬೇಡ. ಭಾನುವಾರ ಸಂಜೆ ಒಂದು ಉದ್ದದ ಕಾಲ್ ಇರಲಿ, ಸಮಯ ಅವನೇ ಹೇಳಲಿ. ನಡುವೆ ಸುಮ್ನೆ ಬಾಲ್ಕನಿಯ ದಾಸವಾಳದ್ದೋ ಅಜ್ಜಿಯದ್ದೋ ಒಂದು ಫೋಟೋ ಕಳಿಸಿ, ಉತ್ತರ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಒಂದು ಸಲ ಹೋಗಿಯೂ ಬನ್ನಿ. ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿದರೆ ಬೆಳಿಗ್ಗೆಯೇ ಪುಣೆ ಸೇರುತ್ತೀರಿ. ಆದರೆ ಹೇಳಿ ಹೋಗಿ. ಹೋದ ಮೇಲೆ ಕಪಾಟು ತೆರೆಯಬೇಡಿ, ಪೊರಕೆಯಂತೂ ಹಿಡಿಯಲೇಬೇಡಿ. ಅವನು ತಿನ್ನುವ ಮೆಸ್ಸಿನಲ್ಲೇ ಒಟ್ಟಿಗೆ ಊಟ ಮಾಡಿ. ಎದುರು ಬದುರು ಕೂತಾಗ ಬರದ ಮಾತು ಜೊತೆಯಲ್ಲಿ ನಡೆಯುವಾಗ ಬರುತ್ತದೆ, ಗಂಡು ಮಕ್ಕಳಿಗಂತೂ ಇನ್ನೂ ಜಾಸ್ತಿ.

ಕಡಿಮೆ ಮಾತಾಡುವುದು ಈ ವಯಸ್ಸಿನ ಗುಣವೂ ಹೌದು. ಆದರೆ ನಿದ್ದೆ ಊಟ ಕೆಟ್ಟಿದ್ದರೆ, ಗೆಳೆಯರನ್ನೂ ಬಿಟ್ಟಿದ್ದರೆ, ‘ನನ್ನಿಂದ ಏನೂ ಆಗಲ್ಲ’ ಅಂತ ಪದೇ ಪದೇ ಅನ್ನುತ್ತಿದ್ದರೆ ಭಾನುವಾರದವರೆಗೆ ಕಾಯಬೇಡಿ, ಅವತ್ತೇ ಹೊರಡಿ. ಸರ್ಕಾರದ ಟೆಲಿ ಮಾನಸ್ ಅಂತ ಉಚಿತ ಸಹಾಯವಾಣಿ 2022ರಿಂದ ಇದೆ, ನಂಬರ್ 14416. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಅವನೇ ಮಾಡಬೇಕೆಂದಿಲ್ಲ, ಏನು ಮಾಡಬೇಕು ಅಂತ ತಿಳಿಯದಿದ್ದರೆ ನೀವೇ ಮಾಡಿ.

ಪ್ರಶ್ನೆ: ಮಗಳನ್ನು ಈ ವರ್ಷ ಪುಣೆಗೆ ಕಳಿಸುತ್ತಿದ್ದೇವೆ. ತಿಂಗಳಿಗೆ ದುಡ್ಡು ಹೇಗೆ ಕೊಡುವುದು? ಕೇಳಿದಾಗ ಕೇಳಿದಷ್ಟು ಕಳಿಸಿದರೆ ಲೆಕ್ಕವೇ ಸಿಗುವುದಿಲ್ಲ ಅಂತ ನನ್ನ ಅಣ್ಣ ಹೇಳುತ್ತಾನೆ.
– ಒಬ್ಬ ತಂದೆ, ಮುಲುಂಡ್

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಸರಿ. ರೂಮ್ ಬಾಡಿಗೆ ಮತ್ತು ಮೆಸ್ ದುಡ್ಡು ಬೇರೆ, ಕೈಖರ್ಚು ಬೇರೆ. ಕೈಖರ್ಚು ಒಂದನೇ ತಾರೀಕಿಗೆ ಒಂದೇ ಸಲ ಹಾಕಿ, ಮತ್ತೆ ಕೇಳಬೇಡಿ. ಮೊದಲ ಎರಡು ತಿಂಗಳು ಇಪ್ಪತ್ತನೇ ತಾರೀಕಿಗೇ ಖಾಲಿಯಾಗುತ್ತದೆ, ಆಗಲಿ ಬಿಡಿ, ಕಲಿಯುವುದೇ ಹಾಗೆ. ಪುಣೆಯ ಬಹಳ ಮೆಸ್ಸುಗಳು ಭಾನುವಾರ ಮಧ್ಯಾಹ್ನ ಫೀಸ್ಟ್ ಹಾಕಿ ರಾತ್ರಿ ಬಾಗಿಲು ಹಾಕುತ್ತವೆ, ಆ ರಾತ್ರಿಯ ಊಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೆಮಿಸ್ಟರ್ ಕೊನೆಗೆ ಜರ್ನಲ್, ಪ್ರಿಂಟ್‌ಔಟ್ ಅಂತ ಖರ್ಚು ಏರುತ್ತದೆ, ಅದು ನಿಜವಾದ ಖರ್ಚೇ. ಯುಪಿಐ ಸರ್ಕಲ್‌ನಲ್ಲಿ ನಿಮ್ಮ ಖಾತೆಯಿಂದಲೇ ತಿಂಗಳಿಗೆ 15,000 ರೂಪಾಯಿವರೆಗೆ ಮಿತಿ ಹಾಕಿ ಅವಳಿಗೆ ಬಿಡಬಹುದು, ಆದರೆ ಪ್ರತಿ ವಡಾಪಾವ್ ನಿಮ್ಮ ಫೋನಿನಲ್ಲಿ ಕಾಣುತ್ತದೆ. ಕಂಡರೆ ನೀವು ಕೇಳದೆ ಇರುತ್ತೀರಾ? ಅವಳದೇ ಖಾತೆ ಇದ್ದರೆ ಇಬ್ಬರಿಗೂ ನೆಮ್ಮದಿ.

ಫ್ಲ್ಯಾಟ್ ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಣಿ ಆಗಲೇಬೇಕು. ಮಹಾರಾಷ್ಟ್ರದಲ್ಲಿ ಅದು ಕಾನೂನು, ಹೊಣೆ ಮಾಲೀಕರದು. ಡಿಪಾಸಿಟ್ ಎಷ್ಟು, ಬಿಡುವಾಗ ಯಾವಾಗ ವಾಪಸ್, ಏನೇನು ಕಡಿತ, ಎಲ್ಲ ಅದರಲ್ಲೇ ಬರೆಸಿ. ಬಾಯಿಮಾತು ನಂಬಬೇಡಿ.

ಪ್ರಶ್ನೆ: ಅಕ್ಕಾ, ನಾನು ವಾಸ್ಕೋ ಹುಡುಗಿ, ಪುಣೆಯಲ್ಲಿ ಎಂಎಸ್ಸಿ. ಊರಿನಿಂದ ಯಾರೇ ಗೋವಾ ಎಕ್ಸ್‌ಪ್ರೆಸ್ ಹತ್ತಿದರೂ ಅಮ್ಮ ಅವರ ಕೈಲಿ ದೊಡ್ಡ ಚೀಲ ಕೊಟ್ಟು ಕಳಿಸುತ್ತಾರೆ. ಹೋಳಿಗೆ, ಕಡುಬು, ಪಲ್ಯ ಎಲ್ಲ. ಅರ್ಧ ಹಾಳಾಗುತ್ತದೆ. ಬೇಡ ಅಂದರೆ ಅಳುತ್ತಾರೆ.

ಉತ್ತರ: ಬೇಡ ಅನ್ನಬೇಡಮ್ಮಾ, ಬೇಕಾದ್ದನ್ನು ಕೇಳು. ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ, ಸಾರಿನ ಪುಡಿ, ಹುರಿದ ಅವಲಕ್ಕಿ. ಇವು ಕೆಡುವುದಿಲ್ಲ, ಮೆಸ್ಸಿನ ಸಪ್ಪೆ ಭಾಜಿಗೆ ಚಟ್ನಿಪುಡಿ ಬಿದ್ದರೆ ಅದರ ದಾರಿಯೇ ಬೇರೆ. ‘ಹುಡುಗಿಯರೆಲ್ಲ ಕೇಳ್ತಿದ್ದಾರೆ, ಮುಂದಿನ ಸಲ ಜಾಸ್ತಿ ಕಳಿಸು’ ಅಂತ ಒಂದು ಮಾತು ಸೇರಿಸು. ಹೋಳಿಗೆಯನ್ನು ದೀಪಾವಳಿ ರಜೆಗೆ ಊರಿಗೆ ಬಂದಾಗ ಬಿಸಿಬಿಸಿ ತಿನ್ನುತ್ತೇನೆ ಅಂತ ಮೊದಲೇ ಹೇಳಿಟ್ಟಿರು.