ಹಳೆಯ ಎಕ್ಸ್‌ಪಿ, ಹೊಸ ರೌಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೇಜ್‌ಮೇಕರ್, ನುಡಿ ಅಕ್ಷರಗಳ ಹಳೆಯ ಕಡತಗಳಿಗಾಗಿ ನಮ್ಮ ಡಿಟಿಪಿ ಅಂಗಡಿಯಲ್ಲಿ ವಿಂಡೋಸ್ ಎಕ್ಸ್‌ಪಿ ಲ್ಯಾಪ್‌ಟಾಪ್ ಒಂದನ್ನು ಉಳಿಸಿಕೊಂಡಿದ್ದೇವೆ. ಫೈಬರ್ ಜತೆ ಹೊಸ ರೌಟರ್ ಬಂದ ಮೇಲೆ ವೈ-ಫೈ ಹೆಸರು ಒಮ್ಮೊಮ್ಮೆ ಕಾಣುವುದೇ ಇಲ್ಲ. ಕಂಡರೂ ಪಾಸ್‌ವರ್ಡ್ ಒಪ್ಪುವುದಿಲ್ಲ. — ಗದಗದ ಓದುಗರು

ಉತ್ತರ: ಇವೆರಡೂ ಬೇರೆ ಬೇರೆ ಕಾಯಿಲೆ. ಮೊದಲು ಹೆಸರಿನ ವಿಷಯ. ಆ ಕಾಲದ ಹೆಚ್ಚಿನ ವೈ-ಫೈ ಕಾರ್ಡುಗಳಿಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಲೋಕ ಗೊತ್ತಿಲ್ಲ. ರೌಟರ್ 2.4, 5 ಗಿಗಾಹರ್ಟ್ಸ್ ಎಂಬ ಎರಡೂ ಬ್ಯಾಂಡ್‌ಗೆ (ತರಂಗಪಟ್ಟಿಗೆ) ಒಂದೇ ಹೆಸರು ಕೊಟ್ಟಿದ್ದರೆ 2.4ಕ್ಕೆ ಪ್ರತ್ಯೇಕ ಹೆಸರಿಡಿ. ಚಾನೆಲ್ 'ಆಟೊ' ಇದ್ದರೆ 1, 6 ಅಥವಾ 11ಕ್ಕೆ ಕಟ್ಟಿಹಾಕಿ. ನಮ್ಮಲ್ಲಿ 13ರವರೆಗೂ ಬಳಸಬಹುದು, ಆದರೆ ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕಾರ್ಡ್ 12, 13ನ್ನು ನೋಡುವುದೇ ಇಲ್ಲ. 'ಒಮ್ಮೊಮ್ಮೆ' ಮಾಯವಾಗುವುದಕ್ಕೆ ನನ್ನ ಮೊದಲ ಗುಮಾನಿ ಇದೇ. ವೈ-ಫೈ 6 ರೌಟರ್ ಆಗಿದ್ದರೆ 2.4ರಲ್ಲಿ 'ಎಎಕ್ಸ್' ಎಂಬ ಹೊಸ ವಿಧಾನವನ್ನು ಬಂದ್ ಮಾಡಿ, ಹಳೆಯ ಬಿ/ಜಿ/ಎನ್ ಮಾತ್ರ ಇಡಿ. ಕೆಲವು ಹಳೆಯ ಡ್ರೈವರ್‌ಗಳು (ಕಾರ್ಡನ್ನು ನಡೆಸುವ ತಂತ್ರಾಂಶಗಳು) ಎಎಕ್ಸ್ ಸಂಕೇತ ಅರ್ಥವಾಗದೆ ಇಡೀ ಜಾಲವನ್ನೇ ಪಟ್ಟಿಯಿಂದ ಬಿಟ್ಟುಬಿಡುತ್ತವೆ.

ಇನ್ನು ಪಾಸ್‌ವರ್ಡ್. ವೈ-ಫೈಯ ಹೊಸ ಭದ್ರತಾ ವಿಧಾನವಾದ ಡಬ್ಲ್ಯುಪಿಎ3 ಎಕ್ಸ್‌ಪಿಗೆ ಬರುವುದಿಲ್ಲ. 'ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ' ಎಂದಿದ್ದರೂ ಹಳೆಯ ಡ್ರೈವರ್ ಎಡವಬಹುದು. ಅದರ ಹಿಂದಿನ 'ಡಬ್ಲ್ಯುಪಿಎ2-ಪಿಎಸ್‌ಕೆ, ಎಇಎಸ್' ಎಂದಷ್ಟೇ ಇಡಿ (ಎಇಎಸ್ ಎಂದರೆ ಗೂಢಲಿಪಿಯ ವಿಧಾನ). ಆಮೇಲೆ ಮೈ ಕಂಪ್ಯೂಟರ್ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಯಾವ ಸರ್ವಿಸ್ ಪ್ಯಾಕ್ ಇದೆ ನೋಡಿ. 2008ರ ಸರ್ವಿಸ್ ಪ್ಯಾಕ್ 3ರಲ್ಲಿ ಡಬ್ಲ್ಯುಪಿಎ2 ಸೇರಿಯೇ ಬಂದಿದೆ. ಪ್ಯಾಕ್ 2 ಆಗಿದ್ದರೆ ಕೆಬಿ893357 ಎಂಬ ತೇಪೆ ಬೇಕು. ಅದಿಲ್ಲದೆ ಆಯ್ಕೆಪಟ್ಟಿಯಲ್ಲಿ ಡಬ್ಲ್ಯುಪಿಎ2 ಎಂಬ ಸಾಲೇ ಇರದು, ಪಾಸ್‌ವರ್ಡ್ ಎಷ್ಟು ಸಲ ಬಡಿದರೂ ವ್ಯರ್ಥ. ಇಷ್ಟಾದರೂ ಕೂಡದಿದ್ದರೆ ಕಾರ್ಡಿನ ಡ್ರೈವರ್ 2005ಕ್ಕಿಂತ ಹಳೆಯದೇ ಎಂದು ನೋಡಿ. ಎಇಎಸ್ ಬರದ ಡ್ರೈವರ್ ಇದ್ದರೆ ವಿಂಡೋಸ್ ಒಂದೇ ಏನೂ ಮಾಡಲಾರದು.

ರೌಟರನ್ನೇ ಟಿಕೆಐಪಿ ಎಂಬ ಹಳೆಯ ಗೂಢಲಿಪಿಗೆ ಇಳಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಭದ್ರತೆಯ ಮಾತು ಹಾಗಿರಲಿ, ಟಿಕೆಐಪಿ ಇದ್ದಲ್ಲಿ 'ಎನ್' ವೇಗ ನಡೆಯುವುದಿಲ್ಲ. ಅದರಲ್ಲಿ ಕೂಡಿದ ಸಾಧನಗಳೆಲ್ಲ 54 ಎಂಬಿಪಿಎಸ್‌ಗೆ ಕುಸಿಯುತ್ತವೆ.

ಪ್ರಶ್ನೆ: 'ಈ ವೈರ್‌ಲೆಸ್ ಸಂಪರ್ಕವನ್ನು ವಿಂಡೋಸ್ ನಿಭಾಯಿಸಲಾರದು' ಎಂಬರ್ಥದ ಸಂದೇಶ ಬರುತ್ತದೆ. ಕಾರ್ಡ್ ಹಾಳಾಗಿದೆಯೇ? — ಶಿರಸಿಯ ಓದುಗರು

ಉತ್ತರ: ಇಲ್ಲ. ಕಾರ್ಡ್ ತಯಾರಕರ ತಂತ್ರಾಂಶ ಯಜಮಾನಿಕೆ ವಹಿಸಿಕೊಂಡು ವಿಂಡೋಸ್ ಸೇವೆಯನ್ನು ನಿಲ್ಲಿಸಿದೆ, ಅಷ್ಟೇ. ಸ್ಟಾರ್ಟ್ ಮೆನುವಿನ ರನ್‌ನಲ್ಲಿ 'ಸರ್ವಿಸಸ್.ಎಂಎಸ್‌ಸಿ' (services.msc) ತೆರೆದು, 'ವೈರ್‌ಲೆಸ್ ಜೀರೊ ಕಾನ್ಫಿಗರೇಷನ್' ಅನ್ನು ಆಟೊಮ್ಯಾಟಿಕ್ ಮಾಡಿ ಸ್ಟಾರ್ಟ್ ಒತ್ತಿ. ಆಮೇಲೆ ಸಂಪರ್ಕದ ಪ್ರಾಪರ್ಟೀಸ್‌ನ 'ವೈರ್‌ಲೆಸ್ ನೆಟ್‌ವರ್ಕ್ಸ್' ಪುಟದ ಮೇಲ್ತುದಿಯ ಚೌಕಕ್ಕೆ ಗುರುತು ಹಾಕಿ. ತಯಾರಕರ ತಂತ್ರಾಂಶ ತೆಗೆದರೂ ಡ್ರೈವರ್ ಉಳಿಯಲಿ.

ಪ್ರಶ್ನೆ: ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ವೈ-ಫೈ ಕೊಳ್ಳಬೇಕು. ಎಕ್ಸ್‌ಪಿಗೆ ಯಾವುದು ಸರಿ? — ಪುತ್ತೂರಿನ ಓದುಗರು

ಉತ್ತರ: ಡಬ್ಬಿಯ ಹೆಸರು ನಂಬಬೇಡಿ, ಒಳಗಿನ ಚಿಪ್ ಕೇಳಿ. ಟಿಪಿ-ಲಿಂಕ್‌ನ 722ಎನ್ ಎಂಬ ಒಂದೇ ಹೆಸರಿನಡಿ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಇತ್ತು, ಎರಡನೆಯದರಲ್ಲಿ ರಿಯಲ್‌ಟೆಕ್ 8188ಇಯುಎಸ್. ಡ್ರೈವರ್ ಬೇರೆ ಬೇರೆ. ರಿಯಲ್‌ಟೆಕ್ 8188ಸಿಯುಎಸ್, 8188ಇಯುಎಸ್, ಮೀಡಿಯಾಟೆಕ್ 7601ಯು ಮೂರಕ್ಕೂ ಎಕ್ಸ್‌ಪಿ ಡ್ರೈವರ್ ಉಂಟು. ಮನೆಯಲ್ಲೇ ಹಳೆಯದೊಂದು ಬಿದ್ದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಹಾರ್ಡ್‌ವೇರ್ ಸಂಖ್ಯೆ (ವಿಐಡಿ ತಯಾರಕರ ಗುರುತು, ಪಿಐಡಿ ಸಾಧನದ ಗುರುತು) ನೋಡಿ: ವಿಐಡಿ 148ಎಫ್, ಪಿಐಡಿ 7601 ಎಂದಿದ್ದರೆ ಮೀಡಿಯಾಟೆಕ್, ವಿಐಡಿ 0ಬಿಡಿಎ ಎಂದರೆ ರಿಯಲ್‌ಟೆಕ್. ಡ್ರೈವರನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ತಂದು, ಮೊದಲು ಅದನ್ನು ಸ್ಥಾಪಿಸಿ, ಕಡೆಗೆ ಸಾಧನ ಚುಚ್ಚಿ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿ ಬೇಡ. ಎಕ್ಸ್‌ಪಿಗೆ ಅದರ ಪರಿಚಯವಿಲ್ಲ.

ಪ್ರಶ್ನೆ: ವೈ-ಫೈ ಕೂಡಿದೆ, ಆದರೆ ಜಾಲತಾಣಗಳು ತೆರೆಯುವುದಿಲ್ಲ. — ಮುಂಬೈಯ ಓದುಗರು

ಉತ್ತರ: ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ. ಕಂಪ್ಯೂಟರಿನೊಳಗೆ ಗಡಿಯಾರ ನಡೆಸುವ ಸಿಆರ್2032 ಬ್ಯಾಟರಿ ಸತ್ತಿದ್ದರೆ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ತಾಣಗಳ ಪ್ರಮಾಣಪತ್ರವೆಲ್ಲ ಅಮಾನ್ಯ ಎನಿಸುತ್ತವೆ. ಗಡಿಯಾರ ಸರಿಯಿದ್ದರೆ ತಪ್ಪು ಬ್ರೌಸರಿನದು: ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8, ಸುರಕ್ಷಿತ ಸಂಪರ್ಕದ ಹಳೆಯ ನಿಯಮವಾದ ಟಿಎಲ್‌ಎಸ್ 1.0 ದಾಟಲಾರದು. ಫೈರ್‌ಫಾಕ್ಸ್ 52 ಇಎಸ್‌ಆರ್ ಹಾಕಿದರೆ ಎಷ್ಟೋ ತಾಣ ತೆರೆಯುತ್ತವೆ. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ, ಬ್ಯಾಂಕ್ ಕೆಲಸ ಅದರಲ್ಲಿ ಬೇಡವೇ ಬೇಡ.

ಪ್ರಶ್ನೆ: ಡ್ರೈವರಿನ ಗೋಜೇ ಇಲ್ಲದ ದಾರಿ ಇದೆಯೇ? ನಮ್ಮದು ವಿಂಡೋಸ್ 98. — ಮೈಸೂರಿನ ಓದುಗರು

ಉತ್ತರ: ಇದೆ, ಮೇಲಿನ ನಾಲ್ವರಿಗೂ ನಾನು ಹೇಳಬಯಸುವುದು ಇದನ್ನೇ. ಈಥರ್ನೆಟ್ ಕಿಂಡಿಯುಳ್ಳ ಪುಟ್ಟ ರೌಟರ್ ಕೊಂಡು 'ಕ್ಲೈಂಟ್' ವಿಧಾನಕ್ಕೆ ಹೊಂದಿಸಿ. ಟಿಪಿ-ಲಿಂಕ್ 802ಎನ್ ಅಂಥದ್ದು, ಫೋನಿನ 5 ವೋಲ್ಟ್ ಚಾರ್ಜರಿನಲ್ಲೇ ಓಡುತ್ತದೆ. ಹೊಂದಿಸುವ ಕೆಲಸ ಫೋನಿನಿಂದ ಮಾಡಿ. ಮುಖ್ಯ ವೈ-ಫೈ ಜತೆ ಮಾತಾಡುವುದು, ಪಾಸ್‌ವರ್ಡ್ ಒಪ್ಪಿಸುವುದು ಎಲ್ಲ ಆ ಡಬ್ಬಿಯ ಪಾಲು. ಕಂಪ್ಯೂಟರಿಗೆ ಕಾಣುವುದು ಒಂದು ತಂತಿ ಮಾತ್ರ, ಈಥರ್ನೆಟ್ ಕಾರ್ಡ್ ಕೆಲಸ ಮಾಡುತ್ತಿದ್ದರೆ 98ಕ್ಕೂ ಅಷ್ಟೇ ಸಾಕು. ಡಬ್ಬಿಯನ್ನು ರೌಟರಿನ ಅತಿಥಿ ಜಾಲಕ್ಕೆ ಕೂಡಿಸಿದರೆ ಹಳೆಯ ಯಂತ್ರ ಮನೆಯ ಉಳಿದ ಕಂಪ್ಯೂಟರುಗಳಿಂದ ದೂರವೂ ಉಳಿಯುತ್ತದೆ. ಜಾಲದ ಪ್ರಿಂಟರ್ ಬೇಕೆನ್ನುವವರು ಮಾತ್ರ ಮುಖ್ಯ ಜಾಲಕ್ಕೇ ಕೂಡಿಸಬೇಕು, ಅತಿಥಿ ಜಾಲದಿಂದ ಸಾಮಾನ್ಯವಾಗಿ ಅದು ಕಾಣುವುದಿಲ್ಲ.