ನೋಡದೆ ಬಂದವರಿಗಾಗಿ ಪಾಠ ಮತ್ತೆ ಹೇಳಬೇಡಿ

ಓದುಗರ ಪತ್ರ: ಬಿ.ಕಾಂ. ಮೊದಲ ಸೆಮಿಸ್ಟರಿನ 64 ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಟೆನ್ಸ್ ಕುರಿತು 28 ನಿಮಿಷದ ವಿಡಿಯೊ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ನೋಡಿ ಬಂದವರು ಹತ್ತು-ಹನ್ನೆರಡು ಮಂದಿ. ಉಳಿದವರಿಗಾಗಿ ಅದೇ ಪಾಠ ಮತ್ತೆ ಹೇಳಬೇಕಾಯಿತು. ಪಾಠವನ್ನು ಮನೆಯಲ್ಲೇ ನೋಡಿ ಬಂದು ತರಗತಿಯಲ್ಲಿ ಅಭ್ಯಾಸ ಮಾಡುವ ಈ ‘ಫ್ಲಿಪ್ಡ್ ಕ್ಲಾಸ್‌ರೂಮ್’ ಕ್ರಮ ನಮ್ಮಂಥ ಕಾಲೇಜಿಗೆ ಒಗ್ಗುತ್ತದೆಯೇ?

ಸಂಪಾದಕರ ಉತ್ತರ:

ಮಾನ್ಯರೇ,

ಒಗ್ಗುತ್ತದೆ. ಎಡವಿದ್ದು ನೀವು ಅದೇ ಪಾಠವನ್ನು ಮತ್ತೆ ಹೇಳಿದಾಗ. ನೋಡದೆ ಬಂದರೂ ಮೇಷ್ಟ್ರು ಹೇಳಿಕೊಡುತ್ತಾರೆ ಎಂದು ಒಮ್ಮೆ ಗೊತ್ತಾದರೆ, ನೋಡಿ ಬಂದ ಹನ್ನೆರಡು ಮಂದಿಯೂ ಮುಂದಿನ ವಾರ ನೋಡುವುದಿಲ್ಲ.

ಈ ಕ್ರಮಕ್ಕೆ ಹೆಸರು ತಂದವರು ಅಮೆರಿಕದ ಕೊಲರಾಡೊದ ಬರ್ಗ್‌ಮನ್ ಮತ್ತು ಸ್ಯಾಮ್ಸ್. 2007ರ ಸುಮಾರಿಗೆ, ತರಗತಿಗೆ ಬರಲಾಗದ ಮಕ್ಕಳಿಗೆಂದು ಪಾಠ ರೆಕಾರ್ಡ್ ಮಾಡಲು ತೊಡಗಿದ ಇಬ್ಬರೂ ರಸಾಯನಶಾಸ್ತ್ರದ ಶಿಕ್ಷಕರು. ಭಾಷೆಯ ತರಗತಿಯಲ್ಲಿ ವಿಡಿಯೊ ಅಷ್ಟು ಮುಖ್ಯವಲ್ಲ, ಅದರಿಂದ ಉಳಿಯುವ ಸಮಯ ಮುಖ್ಯ. 55 ನಿಮಿಷದಲ್ಲಿ 64 ಮಂದಿಯನ್ನು ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ ತಲೆಗೆ ಒಂದು ನಿಮಿಷವೂ ಸಿಗದು. ಜೋಡಿಗಳಲ್ಲಿ ಕೂರಿಸಿದರೆ 12 ನಿಮಿಷದಲ್ಲೇ ಪ್ರತಿಯೊಬ್ಬರಿಗೂ ಆರು ನಿಮಿಷದ ಮಾತು.

28 ನಿಮಿಷದ ವಿಡಿಯೊ ಬೇಡ. ಐದಾರು ನಿಮಿಷ, ಒಂದೇ ವಿಷಯ. ಎಲ್ಲ ಟೆನ್ಸ್‌ಗಳನ್ನೂ ತುಂಬಬೇಡಿ. ನಮ್ಮ ಮಕ್ಕಳು ಹೇಳುವ ‘ಐ ಹ್ಯಾವ್ ಪೇಯ್ಡ್ ದ ಫೀಸ್ ಯೆಸ್ಟರ್‌ಡೇ’ ಒಂದನ್ನೇ ಹಿಡಿಯಿರಿ. ಕನ್ನಡದಲ್ಲಿ ‘ನಿನ್ನೆ ಕಟ್ಟಿದ್ದೇನೆ’ ಸಹಜ ಮಾತಾದ್ದರಿಂದ ತಪ್ಪು ಅವರ ಕಿವಿಗೆ ಕೇಳಿಸುವುದೇ ಇಲ್ಲ. ‘ಯೆಸ್ಟರ್‌ಡೇ’ ಬಂದರೆ ‘ಹ್ಯಾವ್’ ಬಿಡಬೇಕು, ‘ಐ ಪೇಯ್ಡ್’ ಎನ್ನಬೇಕು. ಇದನ್ನು ಬೇಕಾದಲ್ಲಿ ಕನ್ನಡದಲ್ಲೇ ವಿವರಿಸಿ. ಫೋನಿನ ಇಯರ್‌ಫೋನ್ ಮೈಕ್ ಸಾಕು, ಆದರೆ ಫ್ಯಾನ್ ಆರಿಸಿ: ಚಿತ್ರ ಮಸುಕಾದರೂ ನಡೆಯುತ್ತದೆ, ಧ್ವನಿ ಒಡೆದರೆ ಯಾರೂ ಕೇಳುವುದಿಲ್ಲ. ಮೂರು ದಿನ ಮೊದಲೇ ಕಳಿಸಿ. ಜೊತೆಗೆ ಆಡಿಯೊ ಮಾತ್ರದ ಒಂದು ಪ್ರತಿ ಇರಲಿ, ಸ್ಮಾರ್ಟ್‌ಫೋನ್ ಇಲ್ಲದವರಿಗೆ ಅರ್ಧ ಪುಟದ ಜೆರಾಕ್ಸ್ ಕೊಡಿ.

ತರಗತಿಯ ಮೊದಲ ಐದು ನಿಮಿಷ ಚೀಟಿಗೆ. ಎರಡು ಪ್ರಶ್ನೆ: ವಿಡಿಯೊ ನೋಡಿದವರಿಗೆ ಮಾತ್ರ ಉತ್ತರ ಗೊತ್ತಿರುವುದೊಂದು, ‘ಯಾವುದು ಅರ್ಥವಾಗಲಿಲ್ಲ?’ ಎಂಬುದೊಂದು. ಗೂಗಲ್ ಫಾರ್ಮ್‌ಗಿಂತ ಕಾಗದವೇ ಮೇಲು, ಫಾರ್ಮಿನ ಉತ್ತರ ರಾತ್ರಿಯೇ ಗ್ರೂಪಿನಲ್ಲಿ ಓಡಾಡಿರುತ್ತದೆ. ನೋಡದವರು ಹಿಂದಿನ ಬೆಂಚಿನಲ್ಲಿ ಕೂತು, ಇಬ್ಬರಿಗೊಂದು ಫೋನಿನಂತೆ ಆಗಲೇ ನೋಡಿ ಮುಗಿಸಲಿ, ಆಮೇಲೆ ಜೋಡಿ ಸೇರಲಿ. ಗದರಬೇಡಿ, ಪಾಠವನ್ನೂ ಮತ್ತೆ ಹೇಳಬೇಡಿ. ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಆಂತರಿಕ ಅಂಕಗಳಲ್ಲಿ ಒಂದೆರಡನ್ನು ಚೀಟಿಗೆ ಮೀಸಲಿಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಮುಂದಿನದು ಅಭ್ಯಾಸ. ಜೋಡಿಯಲ್ಲಿ ಒಬ್ಬರು ಫೀ ಕೌಂಟರಿನ ಗುಮಾಸ್ತ, ಇನ್ನೊಬ್ಬರು ವಿದ್ಯಾರ್ಥಿ. ಗುಮಾಸ್ತರ ಮೊದಲ ಪ್ರಶ್ನೆ ‘ಹ್ಯಾವ್ ಯೂ ಪೇಯ್ಡ್?’, ಎರಡನೆಯದು ‘ವೆನ್ ಡಿಡ್ ಯೂ ಪೇ?’. ಎರಡು ಪ್ರಶ್ನೆಯ ನಡುವೆ ಕ್ರಿಯಾಪದ ಬದಲಾಗಲೇಬೇಕು. ಉಳಿದ ಮಾತು ಅವರದ್ದೇ: ಚಲನ್ ಕಳೆದಿದೆ, ದಂಡ ಬಿದ್ದಿದೆ, ಏನಾದರೂ ಆಗಬಹುದು. ಯೋಚಿಸಲು ಎರಡು ನಿಮಿಷ ಕನ್ನಡಕ್ಕೆ ಅವಕಾಶ ಕೊಡಿ, ಆಮೇಲೆ ಇಂಗ್ಲಿಷ್ ಮಾತ್ರ. ಆರು ನಿಮಿಷಕ್ಕೆ ಪಾತ್ರ ಬದಲಿಸಿ.

ಮಾತಿನ ಮಧ್ಯೆ ಬಾಯಿ ಹಾಕಿ ತಿದ್ದಬೇಡಿ. ಬೆಂಚುಗಳ ನಡುವೆ ಓಡಾಡುತ್ತಾ ಕೇಳಿಸಿದ್ದನ್ನು ಬರೆದುಕೊಳ್ಳಿ. ಕೊನೆಯ ಹದಿನೈದು ನಿಮಿಷ ಐದಾರು ವಾಕ್ಯಗಳನ್ನು, ಯಾರದ್ದೆಂದು ಹೇಳದೆ, ಬೋರ್ಡಿನ ಮೇಲೆ ಬರೆದು ಅವರಿಂದಲೇ ತಿದ್ದಿಸಿ. ಒಂದು ಸರಿಯಾದ ವಾಕ್ಯವೂ ಅದರಲ್ಲಿರಲಿ.

ಗದ್ಯಪಾಠಕ್ಕೆ ವಿಡಿಯೊ ಮಾಡುವ ಶ್ರಮ ಬೇಡ, ಮನೆಯಲ್ಲಿ ಎರಡು ಪುಟ ಓದಿ ಬರಲು ಹೇಳಿದರೆ ಸಾಕು. ಎಲ್ಲ ತರಗತಿಗಳನ್ನೂ ಹೀಗೆ ಮಾಡಹೊರಟರೆ ನೀವೇ ಸುಸ್ತಾಗುತ್ತೀರಿ. ಎರಡು ವಾರಕ್ಕೊಂದು ಸಾಕು, ಮುಂದಿನ ವಿಡಿಯೊ ಯಾವುದರ ಮೇಲೆ ಎಂಬುದನ್ನು ಚೀಟಿಯ ಎರಡನೇ ಪ್ರಶ್ನೆಗೆ ಬಂದ ಉತ್ತರಗಳಿಂದಲೇ ಆರಿಸಿಕೊಳ್ಳಿ.